ಹಸಿ ಇರುವ ತನಕ

ಕನ್ನಡದಲ್ಲಿ 'ಕಟ್ಟು' ಎಂಬ ಕ್ರಿಯಾಪದದಷ್ಟು ದುಡಿಯುವ ಮಾತು ಇನ್ನೊಂದಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾವು ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ. ಸಭೆ ಸಮಾರಂಭಗಳ ಸಂಜೆಯಲ್ಲಿ ನಾಡನ್ನೂ ಕಟ್ಟುತ್ತೇವೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ವೃತ್ತಿ ನನ್ನದು. ಆದುದರಿಂದ ಕಥೆ ಕಟ್ಟುವುದರಲ್ಲಿಯೂ ನಾಡು ಕಟ್ಟುವುದರಲ್ಲಿಯೂ ನನಗೆ ಒಂದಷ್ಟು ಅನುಭವವಿತ್ತೆನ್ನಬಹುದು. ಆದರೆ ಐವತ್ತು ವರ್ಷ ದಾಟುವವರೆಗೆ ಒಂದು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆಯನ್ನು ನನ್ನ ಕೈಯಾರೆ ಇಟ್ಟವನಲ್ಲ. ನಾನು ಆಡುತ್ತಿದ್ದ ಮಾತಿಗೂ ನನ್ನ ಕೈಗೂ ಪರಿಚಯವೇ ಇರಲಿಲ್ಲ. ಆ ಪರಿಚಯ ಆದದ್ದು 2010ರ ಬೇಸಿಗೆಯಲ್ಲಿ, ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಗೆ ಸಮೀಪದ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬೇಡ. ಆ ದಂಡೆಯ ಯಾವ ಊರಾದರೂ ಆಗಬಹುದಾಗಿತ್ತು.

ಹಿಂದಿನ ವರ್ಷದ ಸಂಗತಿಯನ್ನು ನೀವು ಮರೆತಿರಲಾರಿರಿ. 2009ರಲ್ಲಿ ಇಡೀ ದೇಶದಲ್ಲಿ ಮುಂಗಾರು ಕೈಕೊಟ್ಟಿತ್ತು. ವಾಡಿಕೆಯ ಮಳೆಯಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಕೊರತೆ ಬಿದ್ದಿತ್ತು. ಉತ್ತರ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿಯೂ ಬರದ ಮಾತೇ. ಹೀಗಿರುವಾಗ ಸೆಪ್ಟೆಂಬರಿನ ಕೊನೆಯ ದಿನಗಳಲ್ಲಿ, ಹಸ್ತಾ ಮಳೆಯ ಕಾಲದಲ್ಲಿ, ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವೊಂದು ಈ ಬಯಲುಸೀಮೆಯ ಮೇಲೆ ಕವಿದು ಕುಳಿತಿತು. ನಾಲ್ಕಾರು ತಿಂಗಳು ಬಾರದ ಮಳೆ ನಾಲ್ಕೈದು ದಿನಗಳಲ್ಲಿ ಬಂದಿತು. ಕೃಷ್ಣೆ, ಮಲಪ್ರಭೆ, ತುಂಗಭದ್ರೆ, ಡೋಣಿ ಮಾತ್ರವಲ್ಲ, ಹೆಸರಿಲ್ಲದ ಹಳ್ಳಗಳೂ ಹೊಳೆಗಳಾದುವು. ಅಕ್ಟೋಬರ್ 2ರಂದು ಕರ್ನೂಲು ನಗರ ನೀರಿನಲ್ಲಿ ಮುಳುಗಿತು. ಮಂತ್ರಾಲಯದ ಮಠದೊಳಕ್ಕೂ ಹೊಳೆ ನುಗ್ಗಿತು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬಿದ್ದ ಮನೆಗಳನ್ನು ಲಕ್ಷಗಳಲ್ಲಿ ಎಣಿಸಬೇಕಾಯಿತು.

ಅಷ್ಟೊಂದು ಮನೆಗಳು ಬಿದ್ದುದೇಕೆ ಎಂಬುದನ್ನು ತಿಳಿಯಬೇಕಾದರೆ ಆ ಸೀಮೆಯ ಮನೆಯನ್ನು ತಿಳಿಯಬೇಕು. ಅದು ಮಾಳಿಗೆಯ ಮನೆ. ದಪ್ಪನಾದ ಮಣ್ಣಿನ ಗೋಡೆ, ಅಥವಾ ಮಣ್ಣಿನ ಕೆಸರಿನಲ್ಲಿ ಕೂರಿಸಿದ ಕಲ್ಲಿನ ಗೋಡೆ. ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು, ಎಲ್ಲದರ ಮೇಲೆ ಒಂದು ಮೊಳದಷ್ಟು ಮಣ್ಣು. ಹೊರಗೆ ಬೆಂಕಿ ಸುರಿಯುವಾಗ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಗೋದಲಿ. ಒಂದು ಮೆಟ್ಟಿಲು ಮೇಲೆ ಮನುಷ್ಯರ ಪಡಸಾಲೆ. ಎತ್ತು ಉಸಿರಾಡುವ ಸದ್ದನ್ನು ಕೇಳುತ್ತ ಮನೆಯ ಯಜಮಾನ ನಿದ್ರೆ ಮಾಡುತ್ತಾನೆ. ಮಳೆ ಕಡಿಮೆಯಾದ ನಾಡಿಗೆ ಇದಕ್ಕಿಂತ ಜಾಣ ಮನೆಯನ್ನು ಯಾವ ಶಿಲ್ಪಿಯೂ ಯೋಚಿಸಲಾರ. ಆದರೆ ಎಡೆಬಿಡದೆ ನಾಲ್ಕು ದಿನ ಮಳೆ ಹಿಡಿದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಕೆಳಗೆ ಗೋಡೆಯ ಬುಡ ಕರಗುತ್ತದೆ. ಮೇಲಿನ ಭಾರ ಹೆಚ್ಚಿ ಕೆಳಗಿನ ಬಲ ಕುಂದಿದ ಮೇಲೆ ಮನೆ ನಿಂತಿರುವುದಾದರೂ ಹೇಗೆ? ಹೊಳೆ ಮುಟ್ಟದ ಊರುಗಳಲ್ಲಿಯೂ ಮನೆಗಳು ಕೂತಲ್ಲೇ ಕೂತುಬಿಟ್ಟುವು. ನೆಲದೊಳಗಿನ ಹಗೇವುಗಳಿಗೆ ನೀರು ಇಳಿದು, ವರ್ಷದ ಜೋಳ ಕೊಳೆತು ನಾರಿತು. ಮನೆ ಹೋಯಿತೆನ್ನುವಾಗ ಅಲ್ಲಿಯ ಜನ ಗೋಡೆಯನ್ನು ಕುರಿತು ಹೇಳಿದ್ದಕ್ಕಿಂತ ಹಗೇವನ್ನು ಕುರಿತು ಹೇಳಿದ್ದೇ ಹೆಚ್ಚು.

ಬಿದ್ದ ಊರುಗಳಲ್ಲಿ ಕೆಲವನ್ನು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟಿಕೊಡಬೇಕೆಂದು ಸರ್ಕಾರ 'ಆಸರೆ' ಎಂಬ ಯೋಜನೆಯನ್ನು ಹಾಕಿಕೊಂಡಿತು. ದಾನಿಗಳೂ ಸೇವಾಸಂಸ್ಥೆಗಳೂ ಕೈಗೂಡಿಸಿದುವು. ಅಂಥ ಒಂದು ಸಂಸ್ಥೆಯವರು ಬೇಸಿಗೆಯ ರಜೆಯಲ್ಲಿ ಕೆಲಸಕ್ಕೆ ಬರುವ ಸ್ವಯಂಸೇವಕರು ಬೇಕೆಂದು ನಮ್ಮ ಕಾಲೇಜಿಗೆ ಬರೆದರು. ಹನ್ನೊಂದು ಮಂದಿ ವಿದ್ಯಾರ್ಥಿಗಳು ಹೆಸರು ಕೊಟ್ಟರು. ಅವರ ಜೊತೆಗೆ ಹೋಗಲು ಒಬ್ಬ ಅಧ್ಯಾಪಕ ಬೇಕಲ್ಲವೆ? ನಾನು ಹೊರಟೆ.

ನಾನು ಮಲೆನಾಡಿನವನು. ತುಂಗೆಯ ನೀರು ಕುಡಿದು ಬೆಳೆದವನು. ಹೊರಡುವಾಗ ನನ್ನ ಮನಸ್ಸಿನಲ್ಲಿ ಒಂದು ಕಾವ್ಯಮಯವಾದ ಅಪರಾಧಭಾವವಿತ್ತು. ನಮ್ಮ ಊರಿನ ಹೊಳೆಯೇ ಅಲ್ಲವೆ ಭದ್ರೆಯನ್ನು ಕೂಡಿಕೊಂಡು ಅಲ್ಲಿಯವರೆಗೆ ಹರಿದು ಅವರ ಮನೆಗಳನ್ನು ಕೆಡವಿದ್ದು? ಆ ಋಣವನ್ನು ತೀರಿಸಲು ಹೋಗುತ್ತಿದ್ದೇನೆಂದು ನಾನು ಭಾವಿಸಿಕೊಂಡಿದ್ದೆ. ಹೋದ ಮೊದಲ ಸಂಜೆಯೇ ಇದನ್ನು ಊರಿನ ಹಿರಿಯರೊಬ್ಬರಲ್ಲಿ ಹೇಳಿಯೂಬಿಟ್ಟೆ. ಅವರು ಎಲೆ ಅಡಿಕೆ ಜಗಿಯುತ್ತ ಕೇಳಿ, "ನಿಮ್ಮ ಕಡೀ ನೀರಲ್ಲರೀ ಅದು. ಇಲ್ಲೇ ಬಿದ್ದ ಮಳಿ, ನಮ್ಮ ಹೊಲದ್ದ ನೀರು" ಎಂದರು. ಅವರ ಮಾತು ದಿಟ. ಆ ವರ್ಷದ ನೆರೆ ಘಟ್ಟದಿಂದ ಇಳಿದು ಬಂದುದಲ್ಲ. ಬಯಲಿನ ಮೇಲೆಯೇ ಸುರಿದು, ಬಯಲಿನ ಹಳ್ಳಗಳಿಂದಲೇ ಹೊಳೆಗೆ ಸೇರಿದುದು. ನನ್ನ ಋಣದ ಕಲ್ಪನೆ ಅಲ್ಲಿಗೆ ಮುಗಿಯಿತು. ಪರರ ಕಷ್ಟದಲ್ಲಿಯೂ ನಮ್ಮದೊಂದು ಪಾತ್ರವಿರಬೇಕೆಂದು ಬಯಸುವುದು ಓದುಬರಹ ಬಲ್ಲವರ ಒಂದು ದೌರ್ಬಲ್ಯವಿರಬೇಕು.

ಮಳೆಯ ಕಷ್ಟವನ್ನು ನಾನು ಬಲ್ಲೆ. ವಾರಗಟ್ಟಲೆ ಸೂರ್ಯನ ಮುಖ ಕಾಣದ, ಒಗೆದ ಬಟ್ಟೆ ಒಲೆಯ ಮೇಲೆ ಒಣಗಬೇಕಾದ ಊರಿನವನು ನಾನು. ಬಿಸಿಲಿನ ಕಷ್ಟ ನನಗೆ ತಿಳಿದಿರಲಿಲ್ಲ. ರಾಯಚೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಅಲ್ಲಿಯವರೇ ನಗುತ್ತಾರೆ. ನಾವು ಹೋದದ್ದು ಎರಡನೆಯ ಕಾಲದಲ್ಲಿ. ದಿನವೂ 40 ಡಿಗ್ರಿ ದಾಟುತ್ತಿತ್ತು. ಕೆಲವು ದಿನ 43ರ ಹತ್ತಿರಕ್ಕೆ ಹೋಗುತ್ತಿತ್ತು. ಹತ್ತು ಗಂಟೆಗೆಲ್ಲ ಕಬ್ಬಿಣದ ಸಲಾಕೆಯನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಬೀಸುವ ಗಾಳಿಯೂ ತಂಪಲ್ಲ. ಒಲೆಯ ಬಾಯಿಗೆ ಮುಖವೊಡ್ಡಿದಂತೆ. ಹೊಸ ಊರಿಗೆ ಗೊತ್ತುಮಾಡಿದ್ದ ನೆಲ ಹೊಳೆಯಿಂದ ಎರಡು ಕಿಲೋಮೀಟರು ದೂರದ ದಿಣ್ಣೆ. ಅಲ್ಲಿ ಇದ್ದುದು ಒಂದೇ ಒಂದು ಬೇವಿನ ಮರ. ಮನೆ ಕಳೆದುಕೊಂಡವರು ಏಳು ತಿಂಗಳಿಂದ ತಗಡಿನ ಶೆಡ್ಡುಗಳಲ್ಲಿದ್ದರು. ಮಧ್ಯಾಹ್ನ ಆ ತಗಡಿನ ಕೆಳಗೆ ಕೂರಲಾರದೆ ಎಳೆಗೂಸುಗಳನ್ನು ಎತ್ತಿಕೊಂಡು ತಾಯಂದಿರು ಅರ್ಧ ಎದ್ದ ಗೋಡೆಗಳ ನೆರಳಿಗೆ ಬಂದು ಕೂರುತ್ತಿದ್ದರು. ನೆರಳು ಸರಿದಂತೆ ತಾವೂ ಸರಿಯುತ್ತಿದ್ದರು.

ಕೆಲಸ ನಸುಕಿನ ನಾಲ್ಕಕ್ಕೆ ಆರಂಭವಾಗುತ್ತಿತ್ತು. ಹತ್ತೂವರೆಗೆ ನಿಂತು, ಸಂಜೆ ನಾಲ್ಕೂವರೆಗೆ ಮತ್ತೆ ಮೊದಲಾಗಿ, ಕತ್ತಲೆಯಾಗುವ ತನಕ. ಪಾಯ ತೆಗೆಯುವುದನ್ನು ನೋಡಿದ್ದೇ ನನಗೆ ಒಂದು ಪಾಠವಾಯಿತು. ಅಲ್ಲಿಯದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಹೀಗೆ ಉಸಿರಾಡುವ ನೆಲದ ಮೇಲೆ ಮನೆಯನ್ನಿಟ್ಟರೆ ಗೋಡೆಯೂ ನೆಲದೊಡನೆ ಬಿರಿಯುತ್ತದೆ. ಆದಕಾರಣ ಎರೆಯನ್ನೆಲ್ಲ ತೆಗೆದು, ಕೆಳಗಿನ ಗಟ್ಟಿಯಾದ ಗರಸಿನವರೆಗೆ ಇಳಿದು ಪಾಯ ಹಾಕಬೇಕು. ಆಮೇಲೆ ಗೋಡೆ, ಗೋಡೆಯ ಮೇಲೆ ಕಾಂಕ್ರೀಟಿನ ಚಾವಣಿ. ಚಾವಣಿಯನ್ನು ಅವರು ಸ್ಲ್ಯಾಬು ಎನ್ನುತ್ತಿದ್ದರು. ನಾನೂ ಹಾಗೆಯೇ ಹೇಳುತ್ತೇನೆ.

ವಿದ್ಯಾರ್ಥಿಗಳು ಹುಡುಗರು, ಅವರಿಗೆ ಇಟ್ಟಿಗೆ ಹೊರುವ, ಜಲ್ಲಿ ಮರಳು ಬೆರೆಸುವ ಕೆಲಸ ಕೊಟ್ಟರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ ಗೌಂಡಿಯವರು, "ನೀವು ನೀರು ಹೊಡೀರಿ ಸರ" ಎಂದರು. ಹಾಕಿದ ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದು ಹಾಕಿ, ಗದ್ದೆಯ ಮಡಿಗಳಂತೆ ಚೌಕಗಳನ್ನು ಮಾಡಿರುತ್ತಾರೆ. ಆ ಮಡಿಗಳಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಬೇಕು. ಗೋಡೆಗಳಿಗೆ ಹೊದಿಸಿದ ಗೋಣಿತಟ್ಟು ಒಣಗದಂತೆ ನೆನೆಸಬೇಕು. ಇಷ್ಟೇ ಕೆಲಸ. ನಿಜ ಹೇಳುತ್ತೇನೆ, ನನಗೆ ಅವಮಾನವಾಯಿತು. ಮನೆ ಕಟ್ಟಲೆಂದು ಅಷ್ಟು ದೂರ ಬಂದವನಿಗೆ ತೋಟದ ಗಿಡಕ್ಕೆ ನೀರು ಹನಿಸುವ ಮುದುಕನ ಕೆಲಸವೆ?

ಗೌಂಡಿಯವರಿಗೆ ನನ್ನ ಮುಖ ನೋಡಿಯೇ ತಿಳಿದಿರಬೇಕು. ಆ ಸಂಜೆ ಅವರು ನನಗೆ ಪಾಠ ಹೇಳಿದರು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಅದುವರೆಗೆ ನಾನು ತಿಳಿದಿದ್ದೆ. ನಿಮ್ಮಲ್ಲಿ ಹಲವರೂ ಹಾಗೆಯೇ ತಿಳಿದಿರಬಹುದು. ಅದು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಸಿಮೆಂಟಿನ ಕಣ ನೀರಿನೊಡನೆ ಕೂಡಿ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಮರಳನ್ನೂ ಜಲ್ಲಿಯನ್ನೂ ತಬ್ಬಿ ಹಿಡಿಯುತ್ತದೆ. ಈ ಕ್ರಿಯೆ ಮೊದಲ ದಿನಗಳಲ್ಲಿ ಬೇಗ ಬೇಗ, ಆಮೇಲೆ ನಿಧಾನವಾಗಿ ನಡೆಯುತ್ತದೆ. ಕಾಂಕ್ರೀಟಿನ ಬಲವನ್ನು ಅಳೆಯುವವರು 28 ದಿನ ಕಾದು ಅಳೆಯುತ್ತಾರೆ. ನಡುವೆ ನೀರು ಆರಿತೆಂದರೆ ಕ್ರಿಯೆಯೂ ಅಲ್ಲಿಗೇ ನಿಲ್ಲುತ್ತದೆ. ಹೊರಗೆ ನೋಡಲು ಕಲ್ಲಿನಂತಿದ್ದರೂ ಒಳಗೆ ಬಲ ಬಂದಿರುವುದಿಲ್ಲ. ಆಮೇಲೆ ಎಷ್ಟು ಸುರಿದರೂ ಹೋದ ಬಲ ಪೂರ್ತಿ ಬಾರದು. ಸಾಧಾರಣ ಹವೆಯಲ್ಲಿ ಕಡಿಮೆಯೆಂದರೆ 7 ದಿನ, ಒಣ ಬಿಸಿಲಿನಲ್ಲಿ 10 ದಿನವಾದರೂ ಹಸಿಯಾಗಿಡಬೇಕು, ಬೂದಿ ಬೆರೆತ ಸಿಮೆಂಟಾದರೆ 14 ದಿನ ಇಡುವುದು ಲೇಸು ಎಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಇದನ್ನು ನಾನು ಊರಿಗೆ ಹಿಂದಿರುಗಿದ ಮೇಲೆ ಓದಿ ತಿಳಿದುಕೊಂಡೆ. ಸಂಹಿತೆಯನ್ನು ಓದದ ನಮ್ಮ ಗೌಂಡಿಯವರು 21 ದಿನ ಎನ್ನುತ್ತಿದ್ದರು. "ಕಟ್ಟೋದು ಒಂದು ದಿನದ್ದು ಸರ, ಕಾಯೋದು ಮೂರು ವಾರದ್ದು" ಎಂಬುದು ಅವರ ಸೂತ್ರ.

ಪಾಠವನ್ನು ಕೇಳಿದ್ದಾಯಿತು. ಆದರೆ ಕೇಳಿದ ಪಾಠಕ್ಕೂ ಕಲಿತ ಪಾಠಕ್ಕೂ ಇರುವ ಅಂತರವನ್ನು ಅಧ್ಯಾಪಕರಿಗಿಂತ ಚೆನ್ನಾಗಿ ಬಲ್ಲವರು ಯಾರು? ಎರಡನೆಯ ವಾರದಲ್ಲಿ ಒಂದು ದಿನ ನಸುಕಿನಲ್ಲಿ ಒಂದು ಮನೆಯ ಸ್ಲ್ಯಾಬು ಹಾಕಿ ಮುಗಿಸಿದರು. ಮರುದಿನ ಅದರ ಮೇಲೆ ನೀರು ನಿಲ್ಲಿಸುವ ಹೊಣೆ ನನ್ನದು. ಬೆಳಿಗ್ಗೆ ಒಂಬತ್ತಕ್ಕೆ ಮಡಿಗಳನ್ನು ತುಂಬಿಸಿ ಇಳಿದೆ. ಹನ್ನೆರಡಕ್ಕೆ ಮತ್ತೆ ಏರಬೇಕಾಗಿತ್ತು. ರೊಟ್ಟಿ, ಪುಂಡಿಪಲ್ಯ ಉಂಡು, ಮಜ್ಜಿಗೆ ಕುಡಿದು, ಬೇವಿನ ಮರದ ಕೆಳಗೆ ಐದು ನಿಮಿಷ ಎಂದು ಒರಗಿದವನು ಎದ್ದದ್ದು ಮೂರು ಗಂಟೆಗೆ. ನಾನಾಗಿ ಎಚ್ಚೆತ್ತದ್ದೂ ಅಲ್ಲ, ನನ್ನನ್ನು ಎಬ್ಬಿಸಿದರು. ಎದುರಿಗೆ ಒಬ್ಬ ಮುದುಕಿ ನಿಂತಿದ್ದಳು. ಎಪ್ಪತ್ತೈದಾದರೂ ಆಗಿರಬೇಕು, ಸೊಂಟದ ಮೇಲೆ ಖಾಲಿ ಕೊಡ. ಸ್ಲ್ಯಾಬಿನ ಕಡೆಗೆ ಕೈ ತೋರಿಸಿ ಆಕೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

"ತಮ್ಮಾ, ಹಸೀ ಬಾಣಂತೀನ ಬಿಸಲಾಗ ಬಿಟ್ಟು ನೀ ನೆಳ್ಳಿಗೆ ಮಲಗೀಯಲ್ಲ?"

ಐವತ್ತು ದಾಟಿದವನನ್ನು 'ತಮ್ಮಾ' ಎಂದು ಕರೆಯುವವರು ಸಿಕ್ಕುವುದೇ ಒಂದು ಭಾಗ್ಯ. ಆದರೆ ಆ ಗಳಿಗೆಯಲ್ಲಿ ಅದನ್ನು ಅನುಭವಿಸುವ ಸ್ಥಿತಿ ನನ್ನದಾಗಿರಲಿಲ್ಲ. ಏಣಿ ಹತ್ತಿ ಓಡಿದೆ. ಮಡಿಗಳಲ್ಲಿ ಒಂದು ಹನಿ ನೀರೂ ಇರಲಿಲ್ಲ. ಬದುಗಳ ಮಣ್ಣು ಕಾವಲಿಯ ಮೇಲಿನ ಹಿಟ್ಟಿನಂತೆ ಹುರಿದುಹೋಗಿತ್ತು. ವಾಯವ್ಯದ ಮೂಲೆಯಿಂದ ನಡುವಿನ ಕಡೆಗೆ, ಕೂದಲಿನಷ್ಟು ಸಣ್ಣದಾಗಿ, ಒಂದು ಗೆರೆ ಮೂಡಿತ್ತು. ಅದರಿಂದ ಒಡೆದ ಇನ್ನೆರಡು ಗೆರೆ. ಗೌಂಡಿಯವರು ಬಂದು ಮೊಣಕಾಲೂರಿ ಕುಳಿತು, ಕರಣಿಯ ತುದಿಯಿಂದ ಗೆರೆಯನ್ನು ತಡವಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮನಿ ಬೀಳಂಗಿಲ್ಲ ಸರ. ಮಳಿ ಬಂದಾಗ ಮಾತ್ರ ನೆನಪ ಮಾಡ್ತೈತಿ" ಎಂದಷ್ಟೇ ಹೇಳಿ, ಸಿಮೆಂಟಿನ ಹಾಲನ್ನು ಕಲಸಿ ಗೆರೆಗೆ ಎರೆದರು.

ಕನ್ನಡ ಅಧ್ಯಾಪಕನಾಗಿ ನಾನು ಆ ರಾತ್ರಿ 'ಹಸಿ' ಎಂಬ ಮಾತನ್ನು ಕುರಿತು ಬಹಳ ಹೊತ್ತು ಯೋಚಿಸಿದೆ. ಒದ್ದೆಯಾದುದು ಹಸಿ, ಬೇಯದ್ದು ಹಸಿ, ಮಾಗದ ಗಾಯ ಹಸಿ, ಹೆತ್ತು ಮಲಗಿದವಳ ಮೈ ಹಸಿ, ಹುಟ್ಟಿದ ಮಗು ಹಸುಗೂಸು. ಇನ್ನೂ ತಾನಾಗಿ ನಿಲ್ಲಲಾರದ್ದನ್ನೆಲ್ಲ, ಒಬ್ಬರು ಬಳಿಯಲ್ಲಿ ಕುಳಿತು ಕಾಯಬೇಕಾದದ್ದನ್ನೆಲ್ಲ ನಮ್ಮ ಜನ ಒಂದೇ ಮಾತಿನಿಂದ ಕರೆದಿದ್ದಾರೆ. ಆ ಮುದುಕಿ ಉಪಮೆ ಹೇಳಿದ್ದಲ್ಲ. ಅಲಂಕಾರ ಆಕೆಗೆ ಬೇಕಾಗಿಯೂ ಇರಲಿಲ್ಲ. ಆಕೆ ಕಂಡದ್ದನ್ನು ಹೇಳಿದಳು. ಅಂದಿನಿಂದ ನಾನು ಮಧ್ಯಾಹ್ನದಲ್ಲಿ ಮಲಗಲಿಲ್ಲ.

ಆದರೆ ನೀರು ಹೊಡೆಯುತ್ತೇನೆಂದರೆ ನೀರು ಬೇಕಲ್ಲ? ಈಗ ಹೇಳುವುದು ಎಲ್ಲಕ್ಕಿಂತ ಕಷ್ಟದ ಮಾತು. ಏಳು ತಿಂಗಳ ಹಿಂದೆ ಯಾವ ಊರನ್ನು ನೀರು ಕೊಚ್ಚಿಕೊಂಡು ಹೋಗಿತ್ತೋ ಆ ಊರನ್ನು ಮತ್ತೆ ಕಟ್ಟಲು ನೀರಿರಲಿಲ್ಲ. ದಿಣ್ಣೆಯ ಮೇಲೆ ಕೊರೆಸಿದ ಕೊಳವೆ ಬಾವಿಯಲ್ಲಿ ಬಂದದ್ದು ಉಪ್ಪುನೀರು, ಅದೂ ಎರಡು ಬೆರಳಿನಷ್ಟು. ದಿನಕ್ಕೆರಡು ಟ್ಯಾಂಕರು ನೀರು ಹೊರಗಿನಿಂದ ಬರುತ್ತಿತ್ತು. ಅದರಲ್ಲಿ ಶೆಡ್ಡುಗಳ ಜನ ಕುಡಿಯಬೇಕು, ದನಗಳು ಕುಡಿಯಬೇಕು, ಗಾರೆ ಕಲಸಬೇಕು, ಸ್ಲ್ಯಾಬುಗಳೂ ಕುಡಿಯಬೇಕು. ಕೊಡಗಳ ಸಾಲಿನ ಮುಂದೆಯೇ ನಾನು ಕೊಳಾಯಿ ಹಿಡಿದು ಕಾಂಕ್ರೀಟಿಗೆ ನೀರು ಬಿಡಬೇಕಾಗಿತ್ತು. ಬಾಯಾರಿದ ಹಸುವೊಂದು ಬಂದು ಗೋಡೆಯ ಒದ್ದೆ ಗೋಣಿತಟ್ಟನ್ನು ನೆಕ್ಕಿದ್ದನ್ನು ನಾನು ಕಂಡಿದ್ದೇನೆ. ಓಡಿಸಬೇಕೆಂದು ಎತ್ತಿದ ಕೈ ಏಳಲಿಲ್ಲ.

ಒಂದು ವಿಷಯ ನನ್ನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಮನೆಗಳೆಲ್ಲ ಮುಗಿದ ಮೇಲೆ ಚೀಟಿ ಎತ್ತಿ ಯಾರಿಗೆ ಯಾವ ಮನೆಯೆಂದು ಗೊತ್ತುಮಾಡುವ ಏರ್ಪಾಡಿತ್ತು. ತಕರಾರು ಬರಬಾರದೆಂದು ಮಾಡಿದ ಕ್ರಮ, ನ್ಯಾಯವಾದದ್ದೇ. ಆದರೆ ಇದರಿಂದ ಯಾವ ಮನೆಯ ಮೇಲೂ ಯಾರಿಗೂ ಅಕ್ಕರೆ ಹುಟ್ಟದಂತಾಗಿದೆ, 'ಇದು ನನ್ನದಾದೀತೋ ಇಲ್ಲವೋ' ಎಂದು ಜನ ದೂರ ನಿಂತು ನೋಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದ್ದೆ. ಒಂದು ಸಂಜೆ ವಿದ್ಯಾರ್ಥಿಗಳ ಮುಂದೆ ಈ ಕುರಿತು ಒಂದು ಸಣ್ಣ ಉಪನ್ಯಾಸವನ್ನೇ ಮಾಡಿದೆ. ಸ್ವಾಮ್ಯ, ಸಮುದಾಯ ಎಂಬ ದೊಡ್ಡ ದೊಡ್ಡ ಮಾತುಗಳೆಲ್ಲ ಅದರಲ್ಲಿದ್ದುವು.

ಅದಾದ ನಾಲ್ಕೈದು ದಿನಕ್ಕೆ ಟ್ಯಾಂಕರು ಬರಲಿಲ್ಲ. ಬೆಳಗಿನದೂ ಇಲ್ಲ, ಸಂಜೆಯದೂ ಇಲ್ಲ. ಅಂದು ನಸುಕಿನಲ್ಲಿ ಎರಡು ಮನೆಗಳ ಸ್ಲ್ಯಾಬು ಹಾಕಿ ಆಗಿತ್ತು. ಇದ್ದ ಡ್ರಮ್ಮುಗಳ ನೀರು ಜನಕ್ಕೂ ದನಕ್ಕೂ ಹೋಯಿತು, ಹೋಗಬೇಕಾದದ್ದೇ. ಇಳಿಹೊತ್ತಿಗೆ ಸ್ಲ್ಯಾಬಿನ ಮೇಲಿನ ಪಸೆ ಆರತೊಡಗಿತು. ಒದ್ದೆ ಗೋಣಿತಟ್ಟು ಹೊದಿಸಿ, ಅದರ ಮೇಲೆ ಹುಲ್ಲು ಹರಡಿದೆವು. ಗೌಂಡಿಯವರು ಆಕಾಶವನ್ನು ನೋಡಿದರು. ಅಲ್ಲಿ ಒಂದು ಮೋಡವಿರಲಿಲ್ಲ.

ಕತ್ತಲೆಯಾದ ಮೇಲೆ ಶೆಡ್ಡುಗಳ ಕಡೆ ಏನೋ ಮಾತು ಕೇಳಿಸಿತು. ಹೋಗಿ ನೋಡಿದರೆ ಹೆಂಗಸರು ಕೊಡಗಳನ್ನು ಎತ್ತಿಕೊಂಡು ಹೊರಟಿದ್ದಾರೆ. ಮುಂದೆ ಆ ಮುದುಕಿ. ಹೊಳೆಗೆ! ಬೇಸಿಗೆಯ ತುಂಗಭದ್ರೆಯೆಂದರೆ ಮರಳಿನ ಬಯಲು. ಅಲ್ಲೊಂದು ಇಲ್ಲೊಂದು ಮಡು. ಮಿಕ್ಕ ಕಡೆ ಮರಳು ತೋಡಿ ಒರತೆ ಮಾಡಿ, ಬಸಿದ ನೀರನ್ನು ಚೊಂಬಿನಿಂದ ಮೊಗೆದು ಕೊಡ ತುಂಬಬೇಕು. ನೆರೆಯಾದ ಮೇಲೆ ಆ ಹೊಳೆಯ ಕಡೆಗೆ ರಾತ್ರಿ ಹೊತ್ತು ಹೋಗಲು ಆ ಹೆಂಗಸರು ಅಂಜುತ್ತಿದ್ದರೆಂಬುದನ್ನು ನಾನು ಕೇಳಿ ಬಲ್ಲೆ. ಹೊಳೆಯ ಹೆಸರನ್ನು ಹೇಳದೆ 'ಅಕಿ' ಎನ್ನುತ್ತಿದ್ದರು. ನಾವು ಹನ್ನೆರಡು ಮಂದಿಯೂ ಸಿಕ್ಕ ಪಾತ್ರೆಗಳನ್ನು ಹಿಡಿದು ಹಿಂದೆ ನಡೆದೆವು. ತಿಂಗಳ ಬೆಳಕಿತ್ತು. ದಾರಿಯಲ್ಲಿ ಹಳೆಯ ಊರಿನ ಅಗಸಿಯನ್ನು ಹಾದು, ಬಿದ್ದ ಗೋಡೆಗಳ ನಡುವೆಯೇ ಹೋಗಬೇಕು. ಒಬ್ಬೊಬ್ಬಳೂ ತನ್ನ ಮನೆ ಇದ್ದ ಜಾಗದಲ್ಲಿ ಒಂದು ಗಳಿಗೆ ನಿಂತು ಮುಂದೆ ನಡೆದಳು. ಯಾರೂ ಮಾತಾಡಲಿಲ್ಲ.

ಎಷ್ಟು ಸಲ ಹೋಗಿ ಬಂದೆವೋ ಲೆಕ್ಕವಿಲ್ಲ. ನಡುರಾತ್ರಿಯ ಹೊತ್ತಿಗೆ ಎರಡು ಸ್ಲ್ಯಾಬುಗಳ ಮಡಿಗಳಲ್ಲಿಯೂ ನೀರು ನಿಂತಿತು. ಚೌಕಚೌಕದಲ್ಲಿಯೂ ಒಂದೊಂದು ಚಂದ್ರ. ಏಣಿಯ ಕೆಳಗೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಮುದುಕಿಯನ್ನು ನಾನು ಕೇಳಿದೆ: "ಅವ್ವಾ, ಈ ಮನೆ ಯಾರ ಪಾಲಿಗೆ ಬರುತ್ತದೋ ಗೊತ್ತಿಲ್ಲ. ಆದರೂ ಇಷ್ಟು ಕಷ್ಟಪಟ್ಟೆಯಲ್ಲ?" ಆಕೆಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಬಿಡಿಸಿ ಕೇಳಿದೆ. ಆಗ ಅರ್ಥವಾಯಿತೆಂದು ತೋರುತ್ತದೆ, ಸ್ವಲ್ಪ ಬೇಸರದಿಂದಲೇ ಹೇಳಿದಳು: "ಯಾರರ ಇರ್ತಾರಲ್ಲೋ ಯಪ್ಪಾ ಅದರಾಗ?" ಯಾರಾದರೂ ಒಬ್ಬರು ಇರುತ್ತಾರಲ್ಲವೆ ಅದರೊಳಗೆ! ನನ್ನ ಉಪನ್ಯಾಸಕ್ಕೆ ಇದಕ್ಕಿಂತ ಚಿಕ್ಕದಾದ ಉತ್ತರವೂ ಇರಲಾರದು, ಪೂರ್ಣವಾದ ಉತ್ತರವೂ ಇರಲಾರದು.

ಹೀಗೆಂದ ಮಾತ್ರಕ್ಕೆ ನಾವು ಕಟ್ಟಿದ್ದೆಲ್ಲ ಸರಿಯಾಗಿತ್ತೆಂದು ನಾನು ಹೇಳಲಾರೆ. ಆ ಸೀಮೆಯ ಬಿಸಿಲಿಗೆ ಕಾಂಕ್ರೀಟಿನ ತೆಳು ಚಾವಣಿ ಹಗಲೆಲ್ಲ ಕಾದು, ರಾತ್ರಿಯೆಲ್ಲ ಆ ಕಾವನ್ನು ಮನೆಯೊಳಕ್ಕೆ ಇಳಿಸುತ್ತದೆ. ನಕ್ಷೆಯಲ್ಲಿ ಎತ್ತಿಗೆ ಜಾಗವಿರಲಿಲ್ಲ, ಗೋದಲಿ ಇರಲಿಲ್ಲ, ಹಗೇವು ಇರಲಿಲ್ಲ. ಬೀದಿಗಳು ನೇರವಾಗಿದ್ದುವು, ಕೂತು ಮಾತಾಡುವ ಕಟ್ಟೆ ಎಲ್ಲಿಯೂ ಇರಲಿಲ್ಲ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾದ ಮೇಲೆ 50ಕ್ಕೂ ಹೆಚ್ಚು ಊರುಗಳನ್ನು ಬೇರೆಡೆ ಕಟ್ಟಿದಾಗಲೂ ನೇರ ಬೀದಿಗಳ ಅದೇ ಬಡಾವಣೆಗಳೆದ್ದುವು. ಅದೇ ದೂರೂ ಕೇಳಿಬಂತು. ಬಿದ್ದ ಮನೆಯಲ್ಲಿ ದೋಷವಿತ್ತು, ಹೌದು. ಆದರೆ ಅದರಲ್ಲಿ ತಲೆಮಾರುಗಳ ಜಾಣತನವೂ ಇತ್ತು. ದೋಷವನ್ನು ತೆಗೆಯುವ ಅವಸರದಲ್ಲಿ ಜಾಣತನವನ್ನೂ ಬಿಸಾಡಿಬಿಡುತ್ತೇವೆ. ಕಟ್ಟಿಕೊಡುವವರು ಕಟ್ಟುವ ಮೊದಲು ಆ ಮುದುಕಿಯಂಥವರೊಡನೆ ನಾಲ್ಕು ಸಂಜೆ ಕುಳಿತಿದ್ದರೆ ಆಗುತ್ತಿತ್ತು. ಹಾಗೆ ಕುಳಿತುಕೊಳ್ಳದವರಲ್ಲಿ ನಾನೂ ಒಬ್ಬ. ಆದ್ದರಿಂದ ದೂರುವ ಹಕ್ಕು ನನಗೆ ಹೆಚ್ಚೇನಿಲ್ಲ.

ಐದು ವಾರ ಮುಗಿಯಿತು. ಮೃಗಶಿರಾ ಮಳೆ ಬರುವ ಮುನ್ನವೇ ನಾವು ಹಿಂದಿರುಗಿದೆವು. ಬರುವಾಗ ನನ್ನ ಬೆನ್ನ ಚರ್ಮ ಸುಲಿದಿತ್ತು. ಅಂಗೈಯಲ್ಲಿ ಕೊಡದ ಕಂಠದ ಗುರುತು. ಕಾಲೇಜಿನಲ್ಲಿ ಸನ್ಮಾನವೂ ಆಯಿತು. ಭಾಷಣದ ಸರದಿ ಬಂದಾಗ 'ಕಟ್ಟು' ಎಂಬ ಮಾತು ನಾಲಿಗೆಯ ತುದಿಗೆ ಬಂದು, ಏಕೋ ಹಿಂದಕ್ಕೆ ಹೋಯಿತು.

ಕೆಲವು ವರ್ಷಗಳ ಅನಂತರ, ಒಂದು ಹಿಂಗಾರಿನ ಕಾಲದಲ್ಲಿ, ಬೇರೊಂದು ಕೆಲಸಕ್ಕೆ ಆ ಕಡೆ ಹೋದಾಗ ಊರಿಗೆ ಹೋಗಿ ಬಂದೆ. ಮುದುಕಿ ತೀರಿಕೊಂಡಿದ್ದಳು. ಕೆಲವು ಮನೆಗಳಿಗೆ ಬೀಗ ಹಾಕಿತ್ತು. ಹೊಲ ದೂರವಾಯಿತೆಂದು ಅವರು ಹಳೆಯ ಊರಿಗೇ ಮರಳಿದ್ದರಂತೆ. ಒಂದೆರಡರಲ್ಲಿ ಮೇವು ತುಂಬಿದ್ದರು. ಉಳಿದ ಮನೆಗಳನ್ನು ನೋಡಿ ನನಗೆ ನಗುವೂ ಬಂತು, ಸಂತೋಷವೂ ಆಯಿತು. ಒಂದೊಂದರ ಮುಂದೆಯೂ ಒಂದೊಂದು ಚಪ್ಪರ. ಚಪ್ಪರದ ಕೆಳಗೆ ಎತ್ತು, ಗೋದಲಿ, ಪಕ್ಕದಲ್ಲಿ ಮಣ್ಣಿನ ಕಟ್ಟೆ. ಬೀದಿಯುದ್ದಕ್ಕೂ ಬೇವಿನ ಸಸಿಗಳು ಮರಗಳಾಗುತ್ತಿದ್ದುವು. ನಾವು ಬಿಟ್ಟುಬಂದದ್ದನ್ನು ಅವರು ಮೂರು ವಾರವಲ್ಲ, ವರ್ಷಗಟ್ಟಲೆ ಕಾದು, ನೀರೆರೆದು, ಊರನ್ನಾಗಿ ಮಾಡಿಕೊಂಡಿದ್ದರು.

ವಾಯವ್ಯದ ಮೂಲೆಯ ಬಿರುಕಿನ ಮನೆಯನ್ನು ಹುಡುಕಿಕೊಂಡು ಹೋದೆ. ಮನೆಯವನು ಹೊಲಕ್ಕೆ ಹೋಗಿದ್ದ. ಆತನ ಹೆಂಡತಿ ಬಾಗಿಲಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ಒಳಗೆ ಕರೆದು ನೀರು ಕೊಟ್ಟಳು. ಚಾವಣಿಯ ಮೂಲೆಯಲ್ಲಿ, ಗೋಡೆಯ ಮೇಲೆ ಇಳಿದು ಬಂದ ಕಂದು ಬಣ್ಣದ ಕಲೆ. ಕೆಳಗೆ ಒಂದು ಬೋಗುಣಿ. ನನಗೆ ಸುಮ್ಮನಿರಲಾಗಲಿಲ್ಲ. "ತಾಯಿ, ಈ ಬಿರುಕು ನನ್ನದು. ನೀರು ಹೊಡೆಯಬೇಕಾದ ಹೊತ್ತಿನಲ್ಲಿ ನಾನು ನಿದ್ದೆ ಮಾಡಿದೆ" ಎಂದೆ. ಅವಳು ಚಾವಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದು ನಕ್ಕುಬಿಟ್ಟಳು.

"ಇರ್ಲಿ ಬಿಡ್ರೀ ಯಪ್ಪಾ. ಮಳಿ ಆದ್ರಲ್ಲ ಸೋರೋದು? ಎರಡು ವರ್ಷಾತು, ಈ ಬೋಗುಣಿಗೆ ಒಂದು ಹನಿ ಬಿದ್ದಿಲ್ಲ. ಅದು ಸೋರ್ಲಿ ಅಂತ ಕಾಯಾಕ ಹತ್ತೀವಿ."

ಬೋಗುಣಿಯನ್ನು ಮಾತ್ರ ಅವಳು ಆ ಜಾಗದಿಂದ ತೆಗೆದಿರಲಿಲ್ಲ.